ಭಾಗ್ಯನಗರದಲ್ಲಿ ಕಟ್ಟಿದ ಸಾಲ್ಮನ್ ಫ್ಲೈ: ಗಾಳ ಮೀನಿನ ಮೈಗೆ ಚುಚ್ಚದ ಹಾಗೆ ಮಾಡಿದ ಬಗೆ

ಪ್ರಕರಣ ಇಷ್ಟು. ಕೊಪ್ಪಳದ ಪಕ್ಕದ ಭಾಗ್ಯನಗರದ ಒಂದು ಮನೆಯ ಪಡಸಾಲೆಯಲ್ಲಿ ಐದಾರು ಹೆಣ್ಣುಮಕ್ಕಳು ಕೂತು ಸಾಲ್ಮನ್ ಮೀನು ಹಿಡಿಯುವ ಫ್ಲೈ ಕಟ್ಟುತ್ತಾರೆ. 2024ರಲ್ಲಿ ಇಲ್ಲಿಂದ ಹೋದ ಮೊದಲ ಸ್ಯಾಂಪಲ್‌ಗೆ ಅಲಾಸ್ಕದಿಂದ ಒಂದು ದೂರು ಬಂತು. ಮೀನು ಸಿಗುತ್ತಿವೆ, ಆದರೆ ಗಾಳ ಬಾಯಿಗೆ ಬೀಳುತ್ತಿಲ್ಲ. ಬೆನ್ನಿಗೆ, ರೆಕ್ಕೆಗೆ, ಹೊಟ್ಟೆಗೆ, ಕೆಲವೊಮ್ಮೆ ಬಾಲಕ್ಕೆ ಚುಚ್ಚಿಕೊಳ್ಳುತ್ತಿದೆ. ಅದನ್ನು ಸರಿಮಾಡಲು ಏನೇನು ಬದಲಾಯಿತು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ಐಟಿಐನಲ್ಲಿ ಫಿಟ್ಟರ್ ಪಾಠ ಮಾಡುವವನು. ಅಳತೆಯ ಮಾತು ಬಂದಾಗ ಕರೆದರು, ಹೋದೆ.

ಭಾಗ್ಯನಗರ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಮಗ್ಗ ಮತ್ತು ಕೂದಲು. ದೇವಸ್ಥಾನಗಳಲ್ಲಿ ಕೊಟ್ಟ ಮುಡಿ, ಊರೂರು ತಿರುಗಿ ಕೊಂಡು ತಂದ ಉದುರುಗೂದಲು ಇಲ್ಲಿಗೆ ಬರುತ್ತದೆ. ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟಿ ಕಳಿಸುತ್ತಾರೆ. ಕೊನೆಗೆ ಅದು ಎಲ್ಲೋ ಹೊರದೇಶದಲ್ಲಿ ವಿಗ್ ಆಗುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರ ಬೆರಳಿಗೆ ಒಂದು ವಿದ್ಯೆ ಹತ್ತಿರುತ್ತದೆ. ಚಿಟಿಕೆ ಕೂದಲು ಹಿಡಿದು, ಬುಡ ಯಾವ ಕಡೆ, ತುದಿ ಯಾವ ಕಡೆ ಅಂತ ನೋಡದೇ ಹೇಳುತ್ತಾರೆ. ಬುಡದಿಂದ ತುದಿಗೆ ಬೆರಳಾಡಿಸಿದರೆ ಜಾರುತ್ತದೆ, ತುದಿಯಿಂದ ಬುಡಕ್ಕೆ ಬಂದರೆ ಸ್ವಲ್ಪ ತಡೆಯುತ್ತದೆ. ಫ್ಲೈ ಕಟ್ಟಲು ಬೇಕಾದ ಕೈ ಇದೇ.

ಮನೆಯ ಯಜಮಾನಿಯನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ, ಎಲ್ಲರೂ ಹಾಗೇ ಕರೆಯುವುದು. ಅವರ ಅಕ್ಕನ ಮಗ ಗಂಗಾವತಿಯ ಹುಡುಗ. ಈಗ ಸಿಯಾಟಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅಲ್ಲಿ ಮೀನು ಹಿಡಿಯುವ ಗೀಳು ಹತ್ತಿಸಿಕೊಂಡಿದ್ದಾನೆ. ಅಂಗಡಿಯಲ್ಲಿ ಒಂದೊಂದು ಫ್ಲೈಗೆ ಕೊಡುವ ಡಾಲರ್ ಲೆಕ್ಕ ಹಾಕಿ, "ಚಿಗವ್ವಾ, ಇದನ್ನ ನಿಮ್ಮ ಮಂದಿ ಕಟ್ಟಬಹುದಲ್ಲ" ಅಂತ ನಾಲ್ಕು ಮಾದರಿ ಕಳಿಸಿದ. ಅಕ್ಕ ಒಂದನ್ನು ಬಿಚ್ಚಿ ನೋಡಿ, ಮತ್ತೆ ಹಾಗೇ ಕಟ್ಟಿ ಇಟ್ಟರು. ಶುರುವಾದದ್ದು ಹೀಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ಲೈ ಅಂದರೆ ಕೊಕ್ಕೆಯ ಮೇಲೆ ಕೂದಲು, ಗರಿ, ಮಿಂಚುದಾರ ಸುತ್ತಿ ಮಾಡಿದ ಹುಸಿ ಜೀವಿ. ಸಾಲ್ಮನ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಕಡಲಲ್ಲಿ, ಮೊಟ್ಟೆ ಇಡಲು ಮತ್ತೆ ಬರುವುದು ನದಿಗೆ. ಹಾಗೆ ವಾಪಸ್ ಬಂದ ಮೇಲೆ ಅದು ಊಟ ಬಿಟ್ಟಿರುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೇ ಬದುಕು. ಫ್ಲೈಯನ್ನು ಕಚ್ಚುವುದು ಹಸಿವಿಗಲ್ಲ. ಸಿಟ್ಟಿಗೋ, ಕಡಲಿನ ಹಳೆಯ ಅಭ್ಯಾಸಕ್ಕೋ ಕಚ್ಚುತ್ತದೆ. ಹೀಗಾಗಿ ಬಹಳಷ್ಟು ಮೀನು ಕಚ್ಚದೆ ಸುಮ್ನೆ ನಿಂತಿರುತ್ತವೆ. ಗುಂಪುಗುಂಪಾಗಿ ನಿಂತ ಅವುಗಳ ನಡುವೆ ದಾರ ಹಾಯುತ್ತದೆ, ಕೊಕ್ಕೆ ಹಾಯುತ್ತದೆ. ಮೈಗೆ ಚುಚ್ಚಿಕೊಳ್ಳಲು ಇಷ್ಟು ಸಾಕು.

ಹಾಗೆ ಚುಚ್ಚಿಕೊಂಡ ಮೀನನ್ನು ಇಟ್ಟುಕೊಳ್ಳುವ ಹಾಗಿಲ್ಲ. ಬಾಯಿ ಬಿಟ್ಟು ಬೇರೆಲ್ಲೇ ಗಾಳ ಬಿದ್ದಿದ್ದರೂ ತಕ್ಷಣ ಬಿಡಬೇಕು ಎಂಬುದು ಅಲಾಸ್ಕದ ನದಿಗಳ ಕಾನೂನು. ಬೇಕಂತಲೇ ಹಾಗೆ ಎಳೆದರೆ ಅಪರಾಧ. ಬಿಟ್ಟ ಮೀನು ಹುಷಾರಾಗಿ ಹೋಯಿತು ಅಂತಲೂ ಅಲ್ಲ. ಬಾಯಿಗೆ ಬಿದ್ದ ಮೀನನ್ನು ತಲೆ ತಿರುಗಿಸಿ ಬೇಗ ದಡಕ್ಕೆ ತರಬಹುದು. ಬೆನ್ನಿಗೆ ಬಿದ್ದದ್ದು ಅಡ್ಡಡ್ಡ ಎಳೆಯುತ್ತದೆ, ಜಗ್ಗಾಟ ಉದ್ದವಾಗುತ್ತದೆ. ಬಾಲಕ್ಕೆ ಬಿದ್ದರೆ ಹಿಂದಕ್ಕೆ ಎಳೆದಂತಾಗಿ ಕಿವಿರಿಗೆ ನೀರು ಸರಿಯಾಗಿ ಹಾಯುವುದಿಲ್ಲ. ಮೊಟ್ಟೆ ಇಡಲು ಉಳಿಸಿಕೊಂಡ ಶಕ್ತಿ ಇಲ್ಲಿ ಖಾಲಿ. ಮೈಯ ಲೋಳೆ, ಹುರುಪೆ ಕಿತ್ತುಹೋದ ಜಾಗದಲ್ಲಿ ಬೂಸ್ಟು ಹತ್ತುತ್ತದೆ.

ರಜೆಗೆ ಅಲಾಸ್ಕಕ್ಕೆ ಹೋಗಿದ್ದ ಹುಡುಗನಿಂದ ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಕ್ಕ ಒಂದೇ ಪ್ರಶ್ನೆ ಕೇಳಿದರು. "ಬೆನ್ನಾಗ ಅಂದ್ರ ಬೆನ್ನಾಗ ಎಲ್ಲೋ ತಮ್ಮಾ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಸಿಕ್ಕಿತು, ಬಿಟ್ಟೆ, ಅಷ್ಟೇ ಅವನ ಲೆಕ್ಕ. ನನ್ನ ಪ್ರಕಾರ ಈ ಕೆಲಸದ ತಿರುವು ಈ ಪ್ರಶ್ನೆಯೇ. ಮೈಗೆ ಚುಚ್ಚುವುದು ಒಂದೇ ರೋಗ ಅಂತ ನಾವು ಅಂದುಕೊಂಡಿದ್ದೆವು. ಎಲ್ಲಿ ಚುಚ್ಚಿದೆ ಅಂತ ನೋಡಿದರೆ ಅದು ನಾಲ್ಕು ರೋಗ, ನಾಲ್ಕಕ್ಕೂ ಔಷಧಿ ಬೇರೆ.

ಅದಕ್ಕಾಗಿ ಒಂದು ಚೀಟಿ ಮಾಡಿದೆವು. ಒಂದು ಹಾಳೆಯ ಮೇಲೆ ಮೀನಿನ ಗೆರೆಚಿತ್ರ. ಮೀನು ಸಿಕ್ಕ ಕೂಡಲೇ ಗಾಳ ಬಿದ್ದ ಜಾಗಕ್ಕೆ ಪೆನ್ಸಿಲ್ ಚುಕ್ಕಿ. ಪಕ್ಕದಲ್ಲಿ ಯಾವ ಫ್ಲೈ, ನೀರು ಎಷ್ಟು ಆಳ, ಮೊನೆ ಒಳಗಿಂದ ಹೊರಕ್ಕೆ ಬಂದಿದೆಯೋ ಹೊರಗಿಂದ ಒಳಕ್ಕೆ ಹೋಗಿದೆಯೋ. ಸಂಜೆ ಫೋಟೋ ತೆಗೆದು ವಾಟ್ಸಾಪ್. ರಜೆಯ ಉಳಿದ ದಿನಗಳಲ್ಲಿ ಅವನು ತುಂಬಿಸಿದ ಚೀಟಿಗಳನ್ನು ಅಕ್ಕ ಗೋಡೆಗೆ ಅಂಟಿಸಿದರು. ಆಗ ಚುಕ್ಕಿಗಳು ಎಲ್ಲೆಂದರಲ್ಲಿ ಇಲ್ಲ, ಗುಂಪು ಕಟ್ಟಿಕೊಂಡಿವೆ ಅಂತ ಕಾಣಿಸಿತು.

ಬೆನ್ನಿನ ರೆಕ್ಕೆಯ ಬುಡದಲ್ಲಿ ಒಂದು ಗುಂಪು. ದಾರ ಮೀನಿನ ಮೇಲಿಂದ ಹಾಯುತ್ತದೆ, ಬೆನ್ನ ಮೇಲೆ ಒರಗುತ್ತದೆ, ಎಳೆದ ಹಾಗೆ ಜಾರುತ್ತ ಬರುತ್ತದೆ. ಕೊನೆಗೆ ಬರುವುದು ಕೊಕ್ಕೆ. ಅದರ ಮೊನೆ ಕೆಳಮುಖವಾಗಿದ್ದರೆ ಬೆನ್ನಿಗೇ ಇಳಿಯುತ್ತದೆ. ಇದು ಮೊನೆಯ ದಿಕ್ಕಿನ ತಪ್ಪು.

ಎದೆಯ ರೆಕ್ಕೆ ಮತ್ತು ಹೊಟ್ಟೆಯಲ್ಲಿ ಇನ್ನೊಂದು ಗುಂಪು. ಫ್ಲೈ ಭಾರವಾಗಿದ್ದು ತಳದ ಕಲ್ಲಿಗೆ ತಾಗುತ್ತ ಬಂದರೆ ಅದು ಮೀನಿನ ಅಡಿಯಲ್ಲಿ ಸಾಗುತ್ತದೆ. ಇದು ತೂಕದ ತಪ್ಪು. ಆ ಫ್ಲೈಗೆ ಹಿತ್ತಾಳೆಯ ಡಂಬೆಲ್ ಕಣ್ಣು, ಅಂದರೆ ಕಣ್ಣಿನ ಹಾಗೆ ಕಾಣುವ ಭಾರದ ಜೋಡಿ ಗುಂಡು, ಕಟ್ಟಿತ್ತು.

ಮೂರನೆಯದು ದವಡೆಯ ಹೊರಮೈ, ಮೊನೆ ಹೊರಗಿಂದ ಒಳಕ್ಕೆ. ದೂರದಿಂದ ನೋಡಿದರೆ ಬಾಯಿಗೇ ಬಿದ್ದ ಹಾಗೆ ಕಾಣುತ್ತದೆ, ಆದರೆ ಮೀನು ಕಚ್ಚಿಲ್ಲ. ಮೀನು ಉಸಿರಾಡಲು ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಆ ಬಾಯಿಯೊಳಗೆ ದಾರ ಅಡ್ಡ ಹಾಯುತ್ತದೆ, ಎಳೆದರೆ ಆಚೆ ಬದಿಯಿಂದ ಕೊಕ್ಕೆ ಬಂದು ದವಡೆಗೆ ಚುಚ್ಚುತ್ತದೆ. ಇದರಲ್ಲಿ ಫ್ಲೈಯ ಪಾತ್ರ ಕಡಿಮೆ, ದಾರದ್ದೇ ಜಾಸ್ತಿ. ಸಾಕೈ ಎಂಬ ಜಾತಿಯ ಸಾಲ್ಮನ್ ಕಡಲಲ್ಲಿ ಸೋಸಿ ತಿನ್ನುವುದು ಹೆಚ್ಚಾಗಿ ಸಣ್ಣ ಜೀವಿಗಳನ್ನು. ನದಿಯಲ್ಲಿ ಅದು ಫ್ಲೈಗೆ ಬಾಯಿ ಹಾಕುವುದೇ ಅಪರೂಪ. ಸಾಕೈ ಹಿಡಿದೆ ಅನ್ನುವವರಲ್ಲಿ ಬಹಳ ಜನ ಹಿಡಿಯುವುದು ಹೀಗೇ.

ನಾಲ್ಕನೆಯದು ಬಾಲ. ಇದರ ಮೂಲ ಫ್ಲೈಯ ಹಿಂದೆ ಜೋಲುತ್ತಿದ್ದ ಕೊಕ್ಕೆ. ಮೊದಲ ಮಾದರಿಯಲ್ಲಿ ಮುಂದೆ ಒಂದು ಲೋಹದ ಕಡ್ಡಿ, ಅದಕ್ಕೆ ಕೂದಲು, ಅದರ ಹಿಂದೆ ಹೆಣೆದ ದಾರದ ಕುಣಿಕೆಯಲ್ಲಿ ದೊಡ್ಡ ಕೊಕ್ಕೆ. ಬಾಲ ಕಚ್ಚಿ ಓಡುವ ಮೀನು ತಪ್ಪದಿರಲಿ ಅಂತ ಈ ಏರ್ಪಾಡು. ಆದರೆ ಸ್ವತಂತ್ರವಾಗಿ ತೂಗಾಡುವ ಕೊಕ್ಕೆ ಯಾವ ಕಡೆ ಮೊನೆ ಮಾಡುತ್ತದೆ ಅಂತ ಯಾರ ಕೈಯಲ್ಲೂ ಇಲ್ಲ.

ಇದೆಲ್ಲ ನಡೆದದ್ದು ಕೊಹೊ ಎಂಬ ಜಾತಿಯ ಸಾಲ್ಮನ್ ಹಿಡಿಯಲು ಹೋದಾಗ. ಕೊಹೊ ಫ್ಲೈಯನ್ನು ಅಟ್ಟಿಸಿಕೊಂಡು ಬಂದು ಕಚ್ಚುವ ಮೀನು. ಆದರೆ ಅದೇ ನೀರಿನಲ್ಲಿ ಪಿಂಕ್ ಸಾಲ್ಮನ್ ದಂಡೇ ನಿಂತಿತ್ತು. ಮೈಗೆ ಚುಚ್ಚಿಸಿಕೊಂಡವು ಹೆಚ್ಚಾಗಿ ಪಿಂಕ್‌ಗಳೇ. ಪಿಂಕ್‌ನ ಬದುಕು ಕರಾರುವಾಕ್ಕಾಗಿ 2 ವರ್ಷ. ಹಾಗಾಗಿ ಅಲಾಸ್ಕದ ಕೀನೈ ಭಾಗದಲ್ಲಿ ಸರಿಸಂಖ್ಯೆಯ ವರ್ಷಗಳಲ್ಲಿ ಅವು ಕಿಕ್ಕಿರಿಯುತ್ತವೆ, ಬೆಸಸಂಖ್ಯೆಯ ವರ್ಷಗಳಲ್ಲಿ ತೀರ ಕಡಿಮೆ. 2024 ಸರಿವರ್ಷ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಳತೆ

ಮೊದಲು ಹಿಡಿದದ್ದು ಕೊಕ್ಕೆಯ ಅಳತೆಯನ್ನು. ಮೊನೆಗೂ ದಂಡಕ್ಕೂ ನಡುವಿನ ಸಂದಿಯನ್ನು ಗ್ಯಾಪ್ ಅನ್ನುತ್ತಾರೆ. ಗ್ಯಾಪ್ ದೊಡ್ಡದಾದಷ್ಟೂ ಕೊಕ್ಕೆ ಸಿಕ್ಕ ಸಿಕ್ಕದ್ದನ್ನು ಬಾಚುತ್ತದೆ. ರಷ್ಯನ್ ನದಿ ಕೀನೈಯನ್ನು ಸೇರುವ ಕಡೆ ಫ್ಲೈ ಮಾತ್ರ ಬಳಸಬಹುದಾದ ಜಾಗ ಒಂದಿದೆ. ಅಲ್ಲಿನ ನಿಯಮ ಹೀಗೆ: ಫ್ಲೈಗೆ ತೂಕ ಕಟ್ಟಬಾರದು, ಕೊಕ್ಕೆ ಒಂದೇ ಇರಬೇಕು, ಗ್ಯಾಪ್ ಒಂದು ಇಂಚಿನ ಎಂಟರಲ್ಲಿ ಮೂರು ಭಾಗ ಮೀರಬಾರದು, ದಾರಕ್ಕೆ ಭಾರ ಹಾಕುವುದಾದರೆ ಫ್ಲೈಯಿಂದ 18 ಇಂಚಾದರೂ ಮೇಲಿರಬೇಕು. ಹುಡುಗ ಬೇರೆ ನೀರಿನಲ್ಲೂ ಹಿಡಿಯುತ್ತಾನೆ. ಆದರೂ ಎಲ್ಲಕ್ಕೂ ಇದನ್ನೇ ಅಳತೆಗೋಲು ಮಾಡಿಕೊಳ್ಳೋಣ ಅಂದೆ. ಕಟ್ಟುನಿಟ್ಟಾದ ಜಾಗದಲ್ಲಿ ನಡೆಯುವುದು ಸಡಿಲ ಜಾಗದಲ್ಲೂ ನಡೆಯುತ್ತದೆ ಅಲ್ವಾ.

ನಮ್ಮ ಬಡಗಿ, ಬಾರ್‌ಬೆಂಡಿಂಗ್ ಮಂದಿಯ ಲೆಕ್ಕದಲ್ಲಿ ಅದು ಮೂರು ಸೂತು. ಮಿಲಿಮೀಟರಿನಲ್ಲಿ ಸುಮಾರು 9.5. ಕೊಕ್ಕೆಯ ನಂಬರ್ ನಂಬಿದರೆ ಕೆಟ್ಟೆವು, ಯಾಕೆಂದರೆ ನಂಬರ್ ಒಂದೇ ಇದ್ದರೂ ಒಂದೊಂದು ಕಂಪನಿಯ ಗ್ಯಾಪ್ ಒಂದೊಂದು ಥರ. ಹಾಗಾಗಿ 9.5 ಮಿಲಿಮೀಟರ್ ಡ್ರಿಲ್ ಬಿಟ್ ಒಂದನ್ನು ಕೊಟ್ಟೆ. ಅದರ ನುಣುಪಾದ ಹಿಂಬದಿ ಕೊಕ್ಕೆಯ ಸಂದಿಯಲ್ಲಿ ಸಲೀಸಾಗಿ ತೂರಿದರೆ ಆ ಕೊಕ್ಕೆ ತಿರಸ್ಕೃತ. ಓದು ಬರಹ ಬಾರದ ಹಿರಿಯಾಕೆಯೊಬ್ಬರು ಈ ಕೆಲಸವನ್ನು ಎಲ್ಲರಿಗಿಂತ ಚುರುಕಾಗಿ ಮಾಡುತ್ತಾರೆ.

ಇನ್ನೊಂದು ಕ್ರಮ ಇದೇ ಹಂತದಲ್ಲಿ ಸೇರಿತು. ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡುವುದು. ಮುಳ್ಳಿಲ್ಲದ ಕೊಕ್ಕೆ ಮೈಗೆ ಬಿದ್ದರೂ ಬೇಗ ಬಿಡಿಸಿಕೊಳ್ಳುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯದ ನದಿಗಳಲ್ಲಂತೂ ಮುಳ್ಳಿಲ್ಲದ್ದೇ ಕಡ್ಡಾಯ. ಇದನ್ನು ಕಟ್ಟುವ ಮೊದಲೇ ಮಾಡಬೇಕು. ಅದುಮುವಾಗ ಕೆಲವು ಕೊಕ್ಕೆ ಪಟ್ಟನೆ ಮುರಿಯುತ್ತವೆ. ಖಾಲಿ ಕೊಕ್ಕೆ ಮುರಿದರೆ ಕೊಕ್ಕೆ ಮಾತ್ರ ಹೋಯಿತು. ಕಟ್ಟಿದ ಮೇಲೆ ಮುರಿದರೆ ಒಬ್ಬರ ಅರ್ಧ ಗಂಟೆಯ ಕೂಲಿಯೂ ಹೋಯಿತು.

ಮೊನೆ ಮೇಲಾಗಬೇಕು, ಭಾರ ಇರಬಾರದು

ಡಂಬೆಲ್ ಕಣ್ಣನ್ನು ದಂಡದ ಮೇಲೆ ಕಟ್ಟಿದರೆ ಫ್ಲೈ ಮಗುಚಿಕೊಂಡು ಮೊನೆ ಮೇಲಾಗುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಭಾರ ಬಂತು, ತಳಕ್ಕಿಳಿಯಿತು, ಹೊಟ್ಟೆಗೆ ಚುಚ್ಚಿತು. ಬೆನ್ನಿನ ರೋಗಕ್ಕೆ ಮದ್ದು ಕೊಟ್ಟು ಹೊಟ್ಟೆಯ ರೋಗ ತರಿಸಿಕೊಂಡ ಹಾಗೆ. ನಮಗೆ ಬೇಕಾದದ್ದು ಮೀನಿನ ತಲೆಯ ಮಟ್ಟಕ್ಕಿಂತ ತುಸು ಮೇಲೆ ತೇಲುತ್ತ ಹೋಗುವ, ಮೊನೆ ಮೇಲಿರುವ, ಹಗುರ ಫ್ಲೈ. ಕಚ್ಚುವ ಮನಸ್ಸಿರುವ ಮೀನು ಅದಕ್ಕೆ ಮೇಲೆದ್ದು ಬರುತ್ತದೆ. ಮನಸ್ಸಿಲ್ಲದ್ದರ ಬೆನ್ನ ಮೇಲೆ ಅದು ಜಾರಿ ಹೋಗಬೇಕು.

ಇದಕ್ಕೆ ಹಳೆಯ ಒಂದು ಬಗೆ ಇದೆ, ಬೆಂಡ್‌ಬ್ಯಾಕ್ ಅನ್ನುತ್ತಾರೆ. ಹುಲ್ಲು, ಜೊಂಡಿನ ನಡುವೆ ಕೊಕ್ಕೆ ಸಿಕ್ಕಿಕೊಳ್ಳದಿರಲಿ ಅಂತ ಮಾಡಿದ್ದು. ಕೊಕ್ಕೆಯ ದಂಡವನ್ನು ಕಣ್ಣಿನ (ದಾರ ಕಟ್ಟುವ ತೂತಿನ) ಹತ್ತಿರ, ಮುಂದಿನ ಕಾಲು ಭಾಗದಲ್ಲಿ, ಚೂರೇ ಚೂರು ಬಗ್ಗಿಸುತ್ತಾರೆ. ಕೂದಲನ್ನು ಮೊನೆಯಿರುವ ಬದಿಗೇ ಕಟ್ಟುತ್ತಾರೆ. ಕೂದಲು ನೀರಿನಲ್ಲಿ ತೇಲಲು ನೋಡುವುದರಿಂದ ಆ ಬದಿ ಮೇಲಾಗುತ್ತದೆ, ಮೊನೆ ಕೂದಲಿನ ಮರೆಯಲ್ಲಿ ಅಡಗುತ್ತದೆ. ಮೀನು ಕಚ್ಚಿ ಬಾಯಿ ಮುಚ್ಚಿದಾಗ ಕೂದಲು ಅದುಮಿಕೊಂಡು ಮೊನೆ ಹೊರಗೆ ಬರುತ್ತದೆ. ಹುಲ್ಲಿಗೆ ಸಿಕ್ಕಿಕೊಳ್ಳದ ಕೊಕ್ಕೆ ಬೆನ್ನಿಗೂ ಸಿಕ್ಕಿಕೊಳ್ಳಬಾರದು ಎಂಬುದು ನಮ್ಮ ಊಹೆ.

ಬಗ್ಗಿಸುವುದರಲ್ಲಿ ಒಂದು ತೊಡಕು. ಹದ ಹಾಕಿದ ಉಕ್ಕು ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ. ಮುರಿಯದಿದ್ದರೂ, ಜಾಸ್ತಿ ಬಗ್ಗಿದರೆ ಕಣ್ಣು ಮೊನೆಯ ಎದುರಿಗೆ ಬಂದು ಕೊಕ್ಕೆ ಬಾಯಿಗೂ ಚುಚ್ಚುವುದಿಲ್ಲ. ಹತ್ತರಿಂದ ಹದಿನೈದು ಡಿಗ್ರಿ ಸಾಕು. ಕೈಯಳತೆ ಇಲ್ಲಿ ನಡೆಯಲ್ಲ ಅಂತ ಒಂದು ಕಬ್ಬಿಣದ ಪಟ್ಟಿಗೆ ಓರೆ ಗೀರು ಕೊರೆದು ಕೊಟ್ಟೆ. ಗೀರಿನಲ್ಲಿ ಕಣ್ಣು ತೂರಿಸಿ, ಪಟ್ಟಿಯ ಅಂಚಿಗೆ ದಂಡ ತಾಗುವವರೆಗೆ ಒತ್ತಿದರೆ ಎಲ್ಲ ಕೊಕ್ಕೆಯೂ ಒಂದೇ ಓರೆ.

ಸೋರೆಕಾಯಿ ಪರೀಕ್ಷೆ

ಊಹೆ ಸರಿಯೇ ಅಂತ ನೋಡಲು ಅಲಾಸ್ಕಕ್ಕೆ ಹೋಗುವ ಹಾಗಿಲ್ಲ. ತುಂಗಭದ್ರೆಯಲ್ಲೇ ನೋಡೋಣ ಅಂತ ಒಬ್ಬರು ಅಂದರು. ನಾನು ಬೇಡ ಅಂದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಕೊಕ್ಕೆ ಹಿಡಿದು ಓಡಾಡುವುದು ಯಾರಿಗೂ ಒಳ್ಳೆಯದಲ್ಲ. ಮೊಸಳೆ ಬೇರೆ ಇವೆ. ಎಡದಂಡೆಯ ದೊಡ್ಡ ಕಾಲುವೆಯ ಸೆಳೆತಕ್ಕೆ ಇಳಿಯುವುದೂ ಬೇಡ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗಿನಿಂದ ಕಾಲುವೆ ಅಂದರೆ ಎಲ್ಲರಿಗೂ ಬೇರೆಯೇ ಚಿಂತೆ ಇತ್ತು. ಚಳಿಗಾಲದಲ್ಲಿ ನೀರು ತಿಳಿಯಾದ ಮೇಲೆ ಗಂಗಾವತಿ ಕಡೆ, ಹುಡುಗನ ಮನೆಯವರ ಗದ್ದೆ ಪಕ್ಕದ ಸಣ್ಣ ಕಾಲುವೆಯನ್ನು ಆರಿಸಿಕೊಂಡೆವು. ಮೊಣಕಾಲುದ್ದ ನೀರು, ಹರಿವು ಚೆನ್ನಾಗಿದೆ.

ತಳದಲ್ಲಿ ಬಿಳಿ ಪೇಂಟ್ ಡಬ್ಬಿಯ ಮುಚ್ಚಳಗಳನ್ನು ಹಾಸಿದೆವು, ಮೇಲಿನಿಂದ ಫ್ಲೈ ಸ್ಪಷ್ಟವಾಗಿ ಕಾಣಲಿ ಅಂತ. ಮೀನಿನ ಬದಲು ಎಳೆಯ ಉದ್ದ ಸೋರೆಕಾಯಿ. ಅದು ತೇಲುತ್ತದೆ, ಹಾಗಾಗಿ ಇಟ್ಟಿಗೆಗೆ ಕಟ್ಟಿ ನೀರಿನೊಳಗೆ ನಿಲ್ಲಿಸಿದೆವು. ಸಾಲಾಗಿ ನಾಲ್ಕೈದು, ತಲೆ ಹರಿವಿನ ಎದುರಿಗೆ, ನಿಂತ ಮೀನು ನಿಲ್ಲುವ ಹಾಗೆ. ದಾರವನ್ನು ಕೋಲಿಗೆ ಕಟ್ಟಿ, ಅಡ್ಡಲಾಗಿ ತೇಲಿಬಿಟ್ಟು, ಕಾಯಿಗಳ ಮೇಲೆ ಹಾಯುವ ಹಾಗೆ ಎಳೆಯುವುದು. ಎಳೆಯ ಸೋರೆಕಾಯಿಯ ಸಿಪ್ಪೆ ಉಗುರು ತಾಗಿದರೂ ಗೀರುತ್ತದೆ. ಎಲ್ಲಿ ಚುಚ್ಚಿತು, ಎಲ್ಲಿ ಗೀರಿತು, ಎಲ್ಲಿ ಜಾರಿತು, ಎಲ್ಲ ಅದರ ಮೈಮೇಲೇ ಬರೆದಿರುತ್ತದೆ.

ಹಳೆಯ ಮಾದರಿ, ಅಂದರೆ ಜೋಲುವ ಕೊಕ್ಕೆಯದ್ದು, ಸೋರೆಕಾಯಿಗೆ ಮತ್ತೆ ಮತ್ತೆ ನಾಟಿತು. ಕಾಯಿ ಇಟ್ಟಿಗೆ ಸಮೇತ ಎದ್ದು ಬರುತ್ತಿತ್ತು. ಜೋಲುವ ಕೊಕ್ಕೆ ತೆಗೆದು ಒಂದೇ ಸಣ್ಣ ಕೊಕ್ಕೆ ಹಾಕಿದ್ದು ಕಡಿಮೆ ನಾಟಿತು, ಆದರೆ ಗೀರುಗಳು ಉಳಿದವು. ಬಗ್ಗಿಸಿ ಕಟ್ಟಿದ್ದು ಬಹುಪಾಲು ಜಾರಿಹೋಯಿತು. ಒಂದು ವಿಚಿತ್ರ ಕಂಡಿತು. ಬಗ್ಗಿಸಿದ ಫ್ಲೈ ನಿಧಾನ ನೀರಿನಲ್ಲಿ ಮೊನೆ ಮೇಲಿಟ್ಟುಕೊಂಡು ಹೋಗುತ್ತದೆ, ಜೋರಾಗಿ ಎಳೆದರೆ ಪಕ್ಕಕ್ಕೆ ಮಲಗಿಬಿಡುತ್ತದೆ. ತಲೆಯ ಹತ್ತಿರ ಕೂದಲು ಒಂದೇ ಬದಿಗೆ ಗುಡ್ಡೆಯಾಗಿದ್ದಕ್ಕೆ ಹಾಗೆ. ಎರಡೂ ಪಕ್ಕಕ್ಕೆ ಸಮನಾಗಿ ಹರಡಿ ಕಟ್ಟಿದ ಮೇಲೆ ನೆಟ್ಟಗಾಯಿತು.

ಸೋರೆಕಾಯಿ ಅಲುಗುವುದಿಲ್ಲ, ಅದಕ್ಕೆ ರೆಕ್ಕೆ ಇಲ್ಲ, ಉಸಿರಾಡುವ ಬಾಯಿ ಇಲ್ಲ. ಬೆನ್ನಿನ ಗುಂಪಿನ ಬಗ್ಗೆ ಮಾತ್ರ ಅದು ಸಾಕ್ಷಿ ಹೇಳಬಲ್ಲದು, ದವಡೆಯ ಬಗ್ಗೆ ಅಲ್ಲ. ಗೀರು ಬಿದ್ದ ಕಾಯಿಗಳು ಸಂಜೆ ಪಲ್ಯ ಆದವು. ಚುಚ್ಚಿದ ಜಾಗವನ್ನು ಅಕ್ಕ ಜಾಸ್ತಿಯೇ ಕೊಯ್ದು ಬಿಸಾಡಿದರು.

ಕೂದಲಿನ ಕೆಲಸ

ಇಲ್ಲಿ ಭಾಗ್ಯನಗರದ ಕೈ ನಿಜವಾಗಿ ಕಾಣುತ್ತದೆ. ಸಾಲ್ಮನ್ ಫ್ಲೈಗೆ ಹೊರದೇಶದಲ್ಲಿ ಜಿಂಕೆಯ ಬಾಲದ ಕೂದಲು, ನರಿಯ ಕೂದಲು ಎಲ್ಲ ಬಳಸುತ್ತಾರೆ. ನಮ್ಮಲ್ಲಿ ಕಾಡುಪ್ರಾಣಿಯ ಕೂದಲು ಮುಟ್ಟುವ ಹಾಗಿಲ್ಲ. ಹುಡುಗ ಇಂಗ್ಲೆಂಡಿನ ಹಳೆಯ ಶೈಲಿಯ ಒಂದು ಫ್ಲೈಯ ಚಿತ್ರ ಕಳಿಸಿ ಇದನ್ನೂ ಮಾಡಿ ಅಂದಿದ್ದ. ಅದರ ಕೆನ್ನೆಗೆ ನಮ್ಮದೇ ಕಾಡುಕೋಳಿಯ ಕತ್ತಿನ ಗರಿ ಬೇಕು, ಮೇಣ ತೊಟ್ಟಿಕ್ಕಿದ ಹಾಗೆ ಹೊಳೆವ ಚುಕ್ಕಿಯದ್ದು. ನವಿಲುಗರಿ ಬೇಕಾಗುವ ಮಾದರಿಗಳೂ ಇವೆ. 1972ರ ವನ್ಯಜೀವಿ ಕಾಯ್ದೆ ಇರುವಾಗ ಆ ಮಾತೇ ಬೇಡ ಅಂತ ಅಲ್ಲಿಗೇ ಬಿಟ್ಟೆವು. ಯುರೋಪಿನಲ್ಲಿ ಸಾಕಿದ ಕಾಡುಕೋಳಿಯ ಗರಿ ಸಿಗುತ್ತದೆ. ಬೇಕಾದವರು ಅಲ್ಲೇ ಕೊಳ್ಳಲಿ.

ತಲೆಗೂದಲು ಇಷ್ಟೊಂದು ಇದೆಯಲ್ಲ, ಅದನ್ನೇ ಕಟ್ಟಿದರೆ? ನೋಡಿದೆವು. ಅದು ನೀರಿನಲ್ಲಿ ಒಂದಕ್ಕೊಂದು ಅಂಟಿ ಹಗ್ಗದ ಹಾಗೆ ಆಗುತ್ತದೆ. ಕತ್ತರಿಸಿದ ತುದಿ ಮೊಂಡು, ಹಾಗಾಗಿ ಬಳುಕುವುದಿಲ್ಲ. ಕೊನೆಗೆ ನಿಂತದ್ದು ಆಡಿನ ಕೂದಲು. ಅದರ ತುದಿ ಸಣ್ಣಗೆ ಸೂಜಿಯಾಗಿರುತ್ತದೆ, ಬಣ್ಣ ಹಿಡಿಯುತ್ತದೆ, ಬುಡ ಗಟ್ಟಿ. ಮೈ ಸುತ್ತಲು ದಖನಿ ಕುರಿಯ ಒರಟು ಉಣ್ಣೆ, ಕಂಬಳಿಗೆ ಬಳಸುವ ಅದೇ. ಉಣ್ಣೆ ಇರುವುದರಿಂದ ಸಣ್ಣ ಕೊಕ್ಕೆಯ ಮೇಲೂ ಫ್ಲೈ ದೊಡ್ಡದಾಗಿ ಕಾಣುತ್ತದೆ. ಮೀನಿನ ಕಣ್ಣಿಗೆ ದೊಡ್ಡದು, ಕೊಕ್ಕೆ ಮಾತ್ರ ಚಿಕ್ಕದು. ಇಡೀ ಕೆಲಸದ ಜೀವಾಳ ಇದೇ ಅಂತ ನನಗೆ ಅನ್ನಿಸುತ್ತದೆ. ಅಂಗಡಿಯವರು ದೊಡ್ಡ ಫ್ಲೈ ಬೇಕು ಅಂದಾಗ ದೊಡ್ಡ ಕೊಕ್ಕೆ ಹಾಕುತ್ತಾರೆ, ಯಾಕೆಂದರೆ ಅದು ಸುಲಭ.

ಕಟ್ಟುವ ಕ್ರಮವನ್ನು ಹತ್ತಿರದಿಂದ ಹ್ಯಾಗಿದೆಯೋ ಹಾಗೆ ಹೇಳುತ್ತೇನೆ. ಕಟ್ಟುವಾಕೆ ಬಣ್ಣ ಹಾಕಿದ ಆಡಿನ ತೊಗಲಿನಿಂದ ಒಂದು ಚಿಟಿಕೆ ಕತ್ತರಿಸುತ್ತಾಳೆ. ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಸಣ್ಣ ಹಣಿಗೆಯಿಂದ ಒಳಗಿನ ಮೆತ್ತನೆಯ ತುಪ್ಪಳವನ್ನೆಲ್ಲ ಬಾಚಿ ತೆಗೆಯುತ್ತಾಳೆ. ಅದು ಉಳಿದರೆ ನೀರು ಕುಡಿದು ಭಾರವಾಗುತ್ತದೆ. ಆಮೇಲೆ ಉದ್ದ ಕೂದಲುಗಳನ್ನು ತುದಿ ಹಿಡಿದು ಒಂದೊಂದೇ ಎಳೆದು, ಮತ್ತೆ ಅದೇ ಚಿಟಿಕೆಯ ಮೇಲೆ ಇಡುತ್ತ ಹೋಗುತ್ತಾಳೆ. ತುದಿಗಳು ಒಂದು ಮಟ್ಟಕ್ಕೆ ಬರುತ್ತವೆ. ಕೊಕ್ಕೆ ವೈಸ್‌ನಲ್ಲಿ ತಲೆಕೆಳಗಾಗಿ ಸಿಕ್ಕಿಸಿರುತ್ತದೆ, ಮೊನೆ ಮೇಲಕ್ಕೆ. ಕೂದಲನ್ನು ಬಾಗಿದ ಭಾಗದ ಮೇಲಿಟ್ಟು ನೂಲನ್ನು ಎರಡು ಸುತ್ತು ಸಡಿಲವಾಗಿ ತಂದು, ಮೂರನೇ ಸುತ್ತಿಗೆ ಬಿಗಿ ಎಳೆಯುತ್ತಾಳೆ. ಮೊದಲೇ ಬಿಗಿದರೆ ಕೂದಲು ದಂಡದ ಸುತ್ತ ಉರುಳಿಬಿಡುತ್ತದೆ. ಬಿಗಿದ ಮೇಲೆ ಹೆಬ್ಬೆರಳ ಉಗುರಿನಿಂದ ಕೂದಲನ್ನು ಎರಡು ಪಕ್ಕಕ್ಕೂ ತಳ್ಳುತ್ತಾಳೆ. ಇದೇ ಆ ನೆಟ್ಟಗೆ ಮಾಡುವ ಕೆಲಸ, ಒಂದು ಕ್ಷಣದ್ದು. ತಲೆಗೆ ಗಂಟು, ಮೇಲೆ ವಾರ್ನಿಶ್. ಕೂದಲ ತುದಿ ಕೊಕ್ಕೆಯ ಬಾಗಿಗಿಂತ ಹೆಚ್ಚು ಹಿಂದಕ್ಕೆ ಹೋಗದ ಹಾಗೆ ನೋಡಿಕೊಳ್ಳುತ್ತಾಳೆ. ಉದ್ದ ಬಾಲ ಬಿಟ್ಟರೆ ಮೀನು ಬಾಲ ಮಾತ್ರ ಕಚ್ಚುತ್ತದೆ, ಹಾಗಾದರೆ ಹಿಂದೆ ಜೋಲುವ ಕೊಕ್ಕೆ ಬೇಕಾಗುತ್ತದೆ, ಮತ್ತೆ ಹಳೆಯ ಕತೆ.

ಎರಡನೇ ಲಾಟು 2025ರ ಜನವರಿಯಲ್ಲಿ ಹೊರಡಬೇಕಿತ್ತು. ಗವಿಮಠದ ಜಾತ್ರೆ ಬಂತು, ಯಾರೂ ಕೆಲಸಕ್ಕೆ ಕೂರಲಿಲ್ಲ. ಆಮೇಲೆ ಪ್ರಾಣಿಯ ಕೂದಲು ಇರುವ ಸರಕಿನ ಕಾಗದಪತ್ರಕ್ಕೆ ಓಡಾಟ. ಅಂತೂ ಬೇಸಿಗೆ ಹೊತ್ತಿಗೆ ಹೋಯಿತು.

ದಾರದ ಕಡೆಯ ತಪ್ಪು

ಹುಡುಗ ನಡುವೆ ಒಂದು ಹಳೆಯ ವಿಡಿಯೋ ಕಳಿಸಿದ್ದ, ತಾನು ಮೀನು ಹಿಡಿಯುವುದನ್ನು ಗೆಳೆಯ ತೆಗೆದದ್ದು. ಅಕ್ಕ ಅದನ್ನು ಹಿಂದೆ ಮುಂದೆ ಮಾಡಿ ನೋಡಿ ಫೋನ್ ಹಚ್ಚಿದರು.

"ತಮ್ಮಾ, ದಾರ ಚೂರು ನಿಂತ್ರ ಸಾಕು ಜಗ್ಗತಿಯಲ್ಲೋ. ಕಲ್ಲಿಗೆ ನಿಂತೈತೋ ಮೀನಿಗೆ ನಿಂತೈತೋ ನೋಡೂದಿಲ್ಲೇನು?"

"ಬಿಟ್ರ ಹೋಗತೈತಿ ಚಿಗವ್ವಾ."

"ಹೋಗ್ಲಿ ಬಿಡು. ನಾವಿಲ್ಲಿ ಮೊನಿ ಮುಚ್ಚಾಕ ಒದ್ದಾಡ್ತೀವಿ, ನೀ ಅಲ್ಲಿ ಜಗ್ಗಿ ಜಗ್ಗಿ ಹೊರಗ ತಗೀತಿ."

ಅವರು ಹೇಳಿದ್ದು ಸರಿ. ದವಡೆಯ ಹೊರಮೈಯ ಗುಂಪಿಗೆ ಕಾರಣ ಅಲ್ಲಿತ್ತು. ಅವನು 9 ಅಡಿ ಉದ್ದದ ಲೀಡರ್ (ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ) ಹಾಕಿ, ಫ್ಲೈಗೆ ಸಮೀಪದಲ್ಲೇ ಸೀಸದ ಗುಂಡು ಕಚ್ಚಿಸುತ್ತಿದ್ದ. ಗುಂಡು ತಳದಲ್ಲಿ, ಉದ್ದ ದಾರ ಮೀನುಗಳ ಬಾಯಿ ಮಟ್ಟದಲ್ಲಿ ಅಡ್ಡ. ಬಾಯಿಗೆ ದಾರ ಹಾಯಿಸಲು ಇದಕ್ಕಿಂತ ಒಳ್ಳೆ ಏರ್ಪಾಡಿಲ್ಲ. ಗುಂಡು ತೆಗೆಸಿದೆವು. ತುದಿ ಮಾತ್ರ ಮುಳುಗುವ ಲೈನು, ಅದಕ್ಕೆ 3–4 ಅಡಿಯ ಲೀಡರ್. ಸೆಳೆತಕ್ಕೆ ಓರೆಯಾಗಿ ಕೆಳಕ್ಕೆ ಎಸೆದು, ದಾರ ಬಿಗಿ ಇಟ್ಟುಕೊಂಡು ಫ್ಲೈ ತಾನೇ ತೂಗುತ್ತ ಬರಲು ಬಿಡುವುದು. ಮೀನು ಎಳೆದ ಭಾರ ಕೈಗೆ ಬಂದ ಮೇಲೆ ಮಾತ್ರ ಕೋಲು ಎತ್ತುವುದು. ಬಿಗಿ ದಾರದ ತುದಿಯಲ್ಲಿ ಫ್ಲೈ ಮುಂದೆ, ದಾರ ಹಿಂದೆ. ಮೀನಿಗೆ ಮೊದಲು ಎದುರಾಗುವುದು ಫ್ಲೈ.

2025ರ ಫಲ

ಕೀನೈಗೇ ಹೋಗಿ ಪರೀಕ್ಷಿಸಿದ್ದರೆ ಫ್ಲೈ ಗೆದ್ದಿತು ಅಂತ ಸುಲಭವಾಗಿ ಹೇಳಬಹುದಿತ್ತು. ಆದರೆ 2025 ಬೆಸವರ್ಷ, ಅಲ್ಲಿ ಪಿಂಕ್ ತೀರ ಕಡಿಮೆ. ಮೀನಿನ ಗುಂಪೇ ಇಲ್ಲದ ನೀರಿನಲ್ಲಿ ಮೈಗೆ ಚುಚ್ಚಲಿಲ್ಲ ಅಂದರೆ ಅದೇನು ಸಾಧನೆ? ಅದೃಷ್ಟಕ್ಕೆ ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ಗೆ ಸೇರುವ ನದಿಗಳಲ್ಲಿ ಉಲ್ಟಾ. ಅಲ್ಲಿ ಪಿಂಕ್ ನುಗ್ಗುವುದು ಬೆಸವರ್ಷಗಳಲ್ಲೇ. ಹಾಗಾಗಿ ಅವನಿಗೆ ಮನೆ ಹತ್ತಿರವೇ ಕಿಕ್ಕಿರಿದ ನೀರು ಸಿಕ್ಕಿತು. ಹಳೆಯ ಮಾದರಿ, ಹೊಸ ಮಾದರಿ ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ, ಅದಲು ಬದಲು ಮಾಡಿ ಹಾಕು ಅಂತ ತಾಕೀತು ಮಾಡಿದ್ದೆವು. ಹಳೆಯದಕ್ಕೂ ಮುಳ್ಳು ಅದುಮಿ ಕಳಿಸಿದ್ದೆವು.

ಮೊದಲ ವಾರದ ಚೀಟಿಗಳಲ್ಲಿ ಚುಕ್ಕಿಗಳೇ ಕಡಿಮೆ. ಬೆನ್ನಿಗೂ ಇಲ್ಲ, ಬಾಯಿಗೂ ಇಲ್ಲ. ಮೀನು ಬಂದು ತಟ್ಟುತ್ತದೆ, ಹೋಗುತ್ತದೆ, ಕೊಕ್ಕೆ ಹಿಡಿಯುವುದಿಲ್ಲ. ಕೂದಲು ದಪ್ಪವಾಗಿ ಮೊನೆಯನ್ನು ತೀರ ಕಾಪಾಡುತ್ತಿತ್ತು. ಹುಡುಗನಿಗೆ ಸಿಟ್ಟು. ನಾವು ಇನ್ನೊಂದು ಲಾಟು ಕಳಿಸುವಷ್ಟು ಸಮಯ ಇರಲಿಲ್ಲ. ಕತ್ತರಿಯಿಂದ ಅಲ್ಲೇ ತೆಳ್ಳಗೆ ಮಾಡು ಅಂತ ಹೇಳಿ, ಎಷ್ಟು ಅಂತ ಅಕ್ಕ ವಿಡಿಯೋ ಕಾಲ್‌ನಲ್ಲಿ ತೋರಿಸಿದರು. ಬಿಗಿಯಾಗಿ ತಿರುಚಿ ಹಿಡಿದಾಗ ಒಂದು ಬೆಂಕಿಕಡ್ಡಿಯ ದಪ್ಪ, ಅದಕ್ಕಿಂತ ಜಾಸ್ತಿ ಬೇಡ. ನಾವು ಕಟ್ಟಿದ್ದು ಸುಮಾರು ಎರಡು ಕಡ್ಡಿಯಷ್ಟಿತ್ತು.

ಆಮೇಲಿನ ಚೀಟಿಗಳು ಗೋಡೆಯ ಮೇಲೆ ಬೇರೆಯೇ ಚಿತ್ರ ಬರೆದವು. ಹೊಸ ಫ್ಲೈಯ ಚುಕ್ಕಿಗಳು ಬಾಯಿಯ ಒಳಗೆ, ಮೇಲ್ದವಡೆಯಲ್ಲಿ ಒಟ್ಟಾದವು. ಮೊನೆ ಮೇಲಿದ್ದರೆ ಮೇಲ್ದವಡೆಗೇ ಬೀಳಬೇಕು, ಹಾಗಾಗಿ ಇದು ಫ್ಲೈ ನೀರಿನಲ್ಲಿ ನೆಟ್ಟಗಿತ್ತು ಎಂಬುದಕ್ಕೂ ಗುರುತು. ಬೆನ್ನಿನ ಚುಕ್ಕಿ ಅಲ್ಲೊಂದು ಇಲ್ಲೊಂದು. ಬಾಲದ ಗುಂಪು ಮಾಯ. ದವಡೆಯ ಹೊರಮೈಯದ್ದು ಎರಡೂ ಮಾದರಿಗೆ ಇಳಿಯಿತು, ಅಂದರೆ ಆ ಲಾಭ ದಾರದ್ದು, ನಮ್ಮ ಫ್ಲೈಯದ್ದಲ್ಲ. ಹೊಟ್ಟೆಯ ಚುಕ್ಕಿ ಪೂರ್ತಿ ಹೋಗಲಿಲ್ಲ. ಆಡಿನ ಕೂದಲು ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಫ್ಲೈ ಕೆಳಕ್ಕಿಳಿಯುತ್ತದೆ ಎಂಬುದು ಹುಡುಗನ ಅನುಮಾನ. ನನಗೂ ಹಾಗೇ ಕಾಣುತ್ತದೆ. ಮೂರು ನಾಲ್ಕು ಫ್ಲೈ ಇಟ್ಟುಕೊಂಡು ಒಣಗಿಸಿ ಒಣಗಿಸಿ ಬಳಸು ಅಂತ ಸದ್ಯಕ್ಕೆ ಹೇಳಿದ್ದೇವೆ.

ಅವನ ಗೆಳೆಯರಲ್ಲಿ ಕೆಲವರು ಸಾಕೈಗೂ ಇದೇ ಫ್ಲೈ ಬೇಕು ಅಂತ ಕೇಳುತ್ತಿದ್ದಾರೆ. ತಗೊಳ್ಳಬೇಡಿ ಅಂತ ನಾನು ಅಕ್ಕನಿಗೆ ಹೇಳಿದೆ. ಕಚ್ಚದ ಮೀನಿಗೆ ಹ್ಯಾಗೆ ಕಟ್ಟಿದರೂ ಕೊನೆಗೆ ದಾರವೇ ಬಾಯಿಗೆ ಹಾಯಬೇಕು. ಮೈಗೆ ಚುಚ್ಚದ ಫ್ಲೈ ಅಂತ ಹೆಸರು ಹೇಳಿ ಅದನ್ನು ಮಾರುವುದು ನನಗೆ ಒಪ್ಪಲಿಲ್ಲ. "ಹೆಸರು ಹೇಳೂದ ಬ್ಯಾಡ ಸರ್, ಬರೇ ಫ್ಲೈ ಅಂತ ಮಾರೂಣು, ಕೂಲಿ ಆಗತೈತಿ" ಅನ್ನುತ್ತಾರೆ ಅಕ್ಕ. ಇದು ಇನ್ನೂ ಇತ್ಯರ್ಥ ಆಗಿಲ್ಲ.

2026 ಸರಿವರ್ಷ, ಹುಡುಗ ಆಗಸ್ಟ್‌ನಲ್ಲಿ ಮತ್ತೆ ಕೀನೈಗೆ ಹೊರಡುತ್ತಾನೆ. ಅದಕ್ಕಾಗಿ ಎರಡು ಬಗೆ ಕಟ್ಟುತ್ತಿದ್ದಾರೆ. ಕೆಂಪು ನೂಲಿನ ತಲೆಯದ್ದು ಬಗ್ಗಿಸಿದ ಕೊಕ್ಕೆ. ಕಪ್ಪು ನೂಲಿನ ತಲೆಯದ್ದು ಬಗ್ಗಿಸದ ಕೊಕ್ಕೆ, ಆದರೆ ಅದೇ ಗ್ಯಾಪ್, ಅದೇ ಒಂದು ಕಡ್ಡಿ ಕೂದಲು, ಮೊನೆಯ ಬದಿಗೇ. ಬಗ್ಗಿಸುವುದರಿಂದ ನಿಜವಾಗಿ ಎಷ್ಟು ಲಾಭ ಅಂತ ಆಗ ಗೊತ್ತಾಗುತ್ತದೆ. ಕಪ್ಪು ತಲೆಯದ್ದೂ ಅಷ್ಟೇ ಚೆನ್ನಾಗಿ ನಡೆದರೆ ಪಟ್ಟಿಗೆ ಒತ್ತುವ ಕೆಲಸ ಉಳಿಯುತ್ತದೆ, ಮುರಿದು ಹೋಗುವ ಕೊಕ್ಕೆಗಳ ಖರ್ಚೂ ಉಳಿಯುತ್ತದೆ, ಬೆಲೆಯನ್ನು ಸ್ವಲ್ಪ ಇಳಿಸಬಹುದು.